ಸೋತವರ ಚೆಂಡನ್ನು ಮತ್ತೆ ಮತ್ತೆ ಹರಾಜಿಗಿಡುವವರಿಗೆ

ತಾಂಡೂರು,
ಫೆಬ್ರವರಿ ೨೦೧೩

ಹೈದರಾಬಾದಿನ ಸ್ವರ್ಣಸ್ಮೃತಿ ಕ್ರೀಡಾ ಹರಾಜುಮನೆಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಸಿಬ್ಬಂದಿಗೂ, ತಮ್ಮ ಸುತ್ತಿಗೆಗೂ, ಆ ಸುತ್ತಿಗೆಯ ಪೆಟ್ಟನ್ನು ಮರುಮಾತಿಲ್ಲದೆ ತಿನ್ನುವ ಮೇಜಿಗೂ ತಾಂಡೂರಿನ ತೊಗರಿ ಮಂಡಿಯ ಎದುರು ವಾಸವಾಗಿರುವ ಒಬ್ಬ ನಾಗರಿಕನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮಲ್ಲಿರುವ ವಸ್ತುಗಳ ಕ್ಷೇಮವನ್ನು ನಾನು ಬೇರೆಯಾಗಿ ವಿಚಾರಿಸಬೇಕಿಲ್ಲ. ಅವು ಮಾರಾಟವಾದ ಮೇಲೂ ತಮ್ಮಲ್ಲೇ ಇರುತ್ತವೆ ಎಂಬುದನ್ನು ಒಂದು ವರ್ಷದಿಂದ ಸಂತೋಷದಿಂದ ಗಮನಿಸುತ್ತಿದ್ದೇನೆ.

ಈ ಪತ್ರ ಕನ್ನಡದಲ್ಲಿದೆ ಎಂದು ತಾವು ಬೇಸರಪಡಬಾರದು. ಮೊದಲನೆಯ ಪತ್ರವನ್ನು ತಮಗೆ ಇಂಗ್ಲಿಷಿನಲ್ಲಿ ಬರೆದೆ, ಎರಡನೆಯದನ್ನು ತೆಲುಗಿನಲ್ಲಿ, ಮೂರನೆಯದನ್ನು ನನ್ನ ಶಾಲೆಯ ದಿನಗಳ ಉರ್ದುವನ್ನು ಧೂಳು ಕೊಡವಿ ತೆಗೆದು ಉರ್ದುವಿನಲ್ಲಿ. ಮೂರಕ್ಕೂ ತಮ್ಮಿಂದ ಒಂದೇ ಉತ್ತರ ಬಂತು: ತಮ್ಮ ಆಸಕ್ತಿಗೆ ಧನ್ಯವಾದಗಳು, ಹೊಸ ಕ್ಯಾಟಲಾಗ್ ಲಗತ್ತಿಸಿದೆ. ಒಮ್ಮೆ ಕೊಟ್ಟದ್ದನ್ನೇ ಮತ್ತೊಮ್ಮೆ ಕೊಡುವ ತಮ್ಮ ನೀತಿಯನ್ನು ತಾವು ಪತ್ರವ್ಯವಹಾರಕ್ಕೂ ವಿಸ್ತರಿಸಿದ್ದೀರಿ ಎಂದು ಆಗ ಅರ್ಥವಾಯಿತು. ಹಾಗಾಗಿ ಈ ಸಲ ಮನೆಮಾತಿನಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ಜಹೀರಾಬಾದಿನಿಂದ ಬಶೀರಾಬಾದಿನವರೆಗೆ ನಮ್ಮವರು ಓದಿಕೊಳ್ಳುತ್ತಾರೆ.

ವಿಷಯ ತಮಗೆ ಗೊತ್ತಿರುವುದೇ. ತಮ್ಮ ಕ್ಯಾಟಲಾಗಿನಲ್ಲಿ ಒಂದು ವಾಲಿಬಾಲ್ ಇದೆ. ಕಂದು ಬಣ್ಣದ ಚರ್ಮ, ಒಂದು ಬದಿಗೆ ಸೈಕಲ್ ಟ್ಯೂಬಿನ ತೇಪೆ, ಮೈತುಂಬ ಸಹಿ. ಆ ಚೆಂಡನ್ನು ತಾವು ಕಳೆದ ಬೇಸಿಗೆಯಲ್ಲಿ ಮಾರಿದಿರಿ, ಮಳೆಗಾಲದಲ್ಲಿ ಮಾರಿದಿರಿ, ಸೆಪ್ಟೆಂಬರಿನಲ್ಲಿ ಮಾರಿದಿರಿ, ಈ ಸಂಕ್ರಾಂತಿ ಆದ ಮೇಲೂ ಮಾರಿದಿರಿ. ಬರುವ ತಿಂಗಳು ಮತ್ತೆ ಮಾರಲಿದ್ದೀರಿ. ನಮ್ಮೂರ ಬಸ್‌ಸ್ಟ್ಯಾಂಡಿನ ಎದುರು ಪ್ರತ್ಯೇಕ ರಾಜ್ಯಕ್ಕಾಗಿ ರಿಲೇ ನಿರಾಹಾರ ಸತ್ಯಾಗ್ರಹದ ಡೇರೆ ಹಾಕಿದ್ದಾರೆ. ಅಲ್ಲಿ ಡೇರೆ ಅದೇ ಇರುತ್ತದೆ, ಕೂರುವವರು ದಿನಾ ಬದಲಾಗುತ್ತಾರೆ. ತಮ್ಮಲ್ಲಿ ಕೂರುವ ಚೆಂಡು ಒಂದೇ, ಬದಲಾಗುವುದು ಅದರ ವಯಸ್ಸು.

ಮೊದಲ ಕ್ಯಾಟಲಾಗಿನಲ್ಲಿ ಅದು ‘ಗ್ರಾಮೀಣ ಭಾಗದ ಹಳೆಯ ವಾಲಿಬಾಲ್’ ಆಗಿತ್ತು. ಎರಡನೆಯದರಲ್ಲಿ ‘ವಿಜೇತ ನಾಯಕರ ಹಸ್ತಾಕ್ಷರಗಳುಳ್ಳ ಅಪರೂಪದ ವಾಲಿಬಾಲ್’ ಆಯಿತು. ಮೂರನೆಯ ಸಲ ‘ನಿಜಾಮರ ಕಾಲದ್ದೆಂದು ನಂಬಲಾದ’ ಎಂಬ ಮಾತು ಸೇರಿಕೊಂಡಿತು, ಸೈಕಲ್ ಟ್ಯೂಬಿನ ತೇಪೆ ‘ಆ ಯುಗದ ಕುಶಲ ದುರಸ್ತಿ’ ಎಂಬ ಬಿರುದು ಪಡೆಯಿತು. ಚೆಂಡಿನ ಮೇಲಿನ ಅತಿ ಹಳೆಯ ಸಹಿ ಹಾಕಿದ ರೇವಪ್ಪನವರು ನಿಜಾಮರ ರಾಜ್ಯ ಮುಗಿದಾಗ ಹುಟ್ಟಿಯೇ ಇರಲಿಲ್ಲ. ಈ ತೊಡಕು ತಮ್ಮ ಗಮನಕ್ಕೂ ಬಂದಿರಬೇಕು. ನಾಲ್ಕನೆಯ ಕ್ಯಾಟಲಾಗಿನಲ್ಲಿ ತಾವು ಅವರನ್ನು ‘ದಿವಂಗತ’ ಎಂದು ಕರೆದು ತೊಡಕನ್ನು ಪರಿಹರಿಸಿದಿರಿ. ರೇವಪ್ಪನವರು ತಾಂಡೂರಿನ ಮಂಡಿಯಲ್ಲಿ ಅಡತಿ ಅಂಗಡಿ ಇಟ್ಟುಕೊಂಡು ರೈತರ ತೊಗರಿ ಹರಾಜು ಮಾಡಿಸಿಕೊಡುವವರು, ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ಮುರಿಯುವವರು. ಅವರ ಮನೆಯವರಾದ ಶರಣಬಸಮ್ಮನವರು ಕ್ಯಾಟಲಾಗನ್ನು ಅವರ ಮುಂದೆ ಹಿಡಿದು, “ನೀವು ತೀರಿಹೋಗೀರಂತ ನೋಡ್ರಿ. ಹೋಗೂದು ಹೋಗೀರಿ, ಹಿತ್ತಲದಾಗಿನ ನಳ ರಿಪೇರಿ ಮಾಡಿಸಿ ಹೋಗಬೇಕಿತ್ತಿಲ್ಲ?” ಎಂದರು. ಆ ನಳ ಈಗಲೂ ಸೋರುತ್ತಿದೆ. ಅವರು ಜೀವಂತ ಇದ್ದಾರೆ ಎಂಬುದಕ್ಕೆ ಅದೊಂದು ಸಾಕ್ಷಿ ಸಾಲದಿದ್ದರೆ ಬೇರೆಯವನ್ನೂ ಒದಗಿಸಬಲ್ಲೆ.

ಆದರೆ ವಯಸ್ಸಿಗಿಂತ ದೊಡ್ಡ ತಪ್ಪೊಂದು ಆ ವಿವರಣೆಯಲ್ಲಿದೆ. ಚೆಂಡಿನ ಮೇಲಿರುವುದು ವಿಜೇತ ನಾಯಕರ ಸಹಿಯಲ್ಲ. ಅಲ್ಲಿ ಗೆದ್ದವರ ಒಂದು ಸಹಿಯೂ ಇಲ್ಲ.

ತಾಂಡೂರಿನ ತಂಡಕ್ಕೂ ಜಹೀರಾಬಾದಿನ ತಂಡಕ್ಕೂ ತೊಗರಿ ರಾಶಿಯಾದ ಮೇಲೆ ವರ್ಷಕ್ಕೊಂದು ಪಂದ್ಯ ನಡೆಯುತ್ತದೆ. ಎರಡೂ ಊರಿನವರು ಎದುರಾಳಿಯ ಊರಿನಲ್ಲಿ ಆಡಲು ಒಪ್ಪದ ಕಾರಣ ಪಂದ್ಯ ನಾರಾಯಣಖೇಡದಲ್ಲಿ. ಅಲ್ಲಿಯ ಕಿಷ್ಟಪ್ಪ ಎಂಬವರು ಕಾಯಂ ರೆಫರಿ; ಎರಡೂ ಊರಿನವರಿಂದ ಬೈಸಿಕೊಳ್ಳುವುದರಿಂದ ಅವರ ನಿಷ್ಪಕ್ಷಪಾತತೆ ಸಾಬೀತಾಗಿದೆ. ಪಂದ್ಯ ಶುರುವಾದ ವರ್ಷ ಬಹುಮಾನವೇನು ಎಂಬ ಪ್ರಶ್ನೆ ಬಂದಾಗ ಇದ್ದದ್ದು ಅದೊಂದೇ ಚೆಂಡು. ಗೆದ್ದವರಿಗೆ ಊರಿಗೆ ಹೋಗಿ ಹೇಳಿಕೊಳ್ಳಲು ಮಾತಿದೆ, ಸೋತವರಿಗೆ ಏನಿದೆ ಎಂದು ಕಿಷ್ಟಪ್ಪ ಕೇಳಿದರು. ಅಂದಿನಿಂದ ನಿಯಮವಾಯಿತು: ಸೋತ ತಂಡದ ನಾಯಕ ಚೆಂಡಿನ ಮೇಲೆ ಸಹಿ ಮಾಡಿ, ಚೆಂಡನ್ನು ಮನೆಗೊಯ್ದು, ಗಾಳಿ ತುಂಬಿ, ಚರ್ಮಕ್ಕೆ ಎಣ್ಣೆ ತಿಕ್ಕಿ, ವರ್ಷವಿಡೀ ಅಭ್ಯಾಸ ಮಾಡಿ, ಮುಂದಿನ ವರ್ಷ ಅದನ್ನು ನಾರಾಯಣಖೇಡಕ್ಕೆ ತರಬೇಕು. ಆ ಚೆಂಡನ್ನು ಹೊತ್ತು ಬಸ್ಸಿನಲ್ಲಿ ಊರಿಗೆ ಮರಳುವುದೆಂದರೆ ಏನೆಂದು ಹೊತ್ತವರಿಗೇ ಗೊತ್ತು. ಕಂಡಕ್ಟರುಗಳೂ ಕೇಳುತ್ತಿದ್ದರು: “ಈ ವರ್ಷನೂ ನಿಮಗೇ ಬಂತೇನ್ರಿ?” ತಾವು ನಾಲ್ಕು ಸಲ ಅಭಿಮಾನದಿಂದ ಪ್ರದರ್ಶಿಸಿದ ಆ ವಸ್ತು, ಮಾನ್ಯರೇ, ಎರಡು ಊರುಗಳ ಅವಮಾನದ ಖಜಾನೆ. ಅದನ್ನು ವಿಜಯದ ಸ್ಮಾರಕವೆಂದು ಓದಲು ಹೈದರಾಬಾದಿನಲ್ಲಿ ಕುಳಿತ ತಜ್ಞರೇ ಬೇಕಾಗಿತ್ತು.

೨೦೧೧ರಲ್ಲಿ ಸೋತವರು ಜಹೀರಾಬಾದಿನವರು. ಚೆಂಡು ಅವರ ನಾಯಕ, ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಮಾಣಿಕ ಅವರ ಮನೆಗೆ ಹೋಯಿತು. ಆ ವರ್ಷದ ಸಕಲ ಜನರ ಮುಷ್ಕರ ತಮಗೂ ನೆನಪಿರಬೇಕು: ಬಸ್ಸಿಲ್ಲ, ಶಾಲೆಯಿಲ್ಲ, ಕಚೇರಿಯಿಲ್ಲ, ಹೆದ್ದಾರಿಯ ಮೇಲೆ ಅಡುಗೆ ಮಾಡಿ ಅಲ್ಲೇ ಉಂಡು ಅಲ್ಲೇ ಆಟ ಆಡಿದ ದಿನಗಳು. ಅದಾದ ಮೇಲೆ ಚೆಂಡು ಕಾಣೆಯಾಯಿತು. ಮಾಣಿಕ ಬಾಯಿ ಬಿಡಲಿಲ್ಲ. ೨೦೧೨ರ ಪಂದ್ಯಕ್ಕೆ ಚೆಂಡು ಬರಲಿಲ್ಲ, ಹಾಗಾಗಿ ಪಂದ್ಯವೂ ನಡೆಯಲಿಲ್ಲ. ಆಮೇಲೆ ತಮ್ಮ ಮೊದಲ ಕ್ಯಾಟಲಾಗಿನ ಚಿತ್ರ ಪತ್ರಿಕೆಯಲ್ಲಿ ಬಂತು. ಚಿತ್ರದಲ್ಲಿ ಸ್ವಂತ ಸಹಿ ಕಂಡ ನಮ್ಮ ತಂಡದ ನಾಯಕ ರೇವಪ್ಪನವರು ಅಂಗಡಿಯ ಗಾದಿಯ ಮೇಲೆ ಕುಳಿತೇ ತೀರ್ಪು ಕೊಟ್ಟರು: “ಮಾರ್ಕೊಂಡಾನ. ನನ್ನ ಸೋಲು ಮಾರ್ಕೊಂಡು ತಿಂದಾನ.” ಮಾಣಿಕ ಫೋನು ಮಾಡಿದರೆ ರೇವಪ್ಪನವರು ಎತ್ತಲಿಲ್ಲ. ಮೂವತ್ತು ವರ್ಷ ಒಬ್ಬರನ್ನೊಬ್ಬರು ಸೋಲಿಸಿ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ನಿಂತು ನಡೆಸಿದ ಇಬ್ಬರ ಮಾತು ಅಲ್ಲಿಗೆ ನಿಂತಿತು. ತಾವು ಚೆಂಡನ್ನು ಮತ್ತೆ ಮತ್ತೆ ಹರಾಜಿಗಿಟ್ಟಾಗೆಲ್ಲ ನಮ್ಮಲ್ಲಿ ಆ ಜಗಳವೂ ಹೊಸದಾಗಿ ಹರಾಜಿಗೆ ಬರುತ್ತಿತ್ತು; ಅದನ್ನು ಕೊಳ್ಳುವವರು ಮಾತ್ರ ಪ್ರತಿ ಸಲವೂ ಇರುತ್ತಿದ್ದರು.

ಒಂದು ವಸ್ತು ಇಷ್ಟು ಸಲ ಹೇಗೆ ಮಾರಾಟವಾಗುತ್ತದೆ ಎಂಬುದು ಮಂಡಿಯ ಎದುರಿನ ಚಹಾ ಹೋಟೆಲಿನಲ್ಲಿ ಬಹುಕಾಲ ಚರ್ಚೆಯಾದ ವಿಷಯ. ಕೊಂಡವರು ಹಣ ಕಟ್ಟದೆ ಓಡಿಹೋಗುತ್ತಾರೆ ಎಂದರು ಕೆಲವರು. ಕೊಂಡವರು ಮನೆಯಲ್ಲಿ ಬೈಸಿಕೊಂಡು ಮರಳಿಸುತ್ತಾರೆ ಎಂದರು ಹೋಟೆಲಿನವರು. ಅದು ಅನುಭವದ ಮಾತಿನಂತಿತ್ತು. ರೇವಪ್ಪನವರದು ಮಂಡಿಯ ವಿವರಣೆ: “ಮುಂಜಾನೆ ಹೋಗದ ಮಾಲು ಸಂಜೀಕ ಚೀಲ ಬದಲ್ ಮಾಡಿ ತರ್ತಾರ್ರಿ. ಚೀಲ ಹೊಸದು, ಒಳಗಿನ ತೊಗರಿ ಅದೇ.” ನಾನು ಇದನ್ನೆಲ್ಲ ನಂಬಲಿಲ್ಲ. ತಮ್ಮಂಥ ಘನ ಸಂಸ್ಥೆಯ ಬಗ್ಗೆ ಹಾಗೆ ಯೋಚಿಸುವುದು ಸರಿಯಲ್ಲವೆಂದು ವಾದಿಸಿದೆ. ಪ್ರತ್ಯೇಕ ರಾಜ್ಯವನ್ನು ೨೦೦೯ರ ಡಿಸೆಂಬರಿನಲ್ಲಿ ಘೋಷಿಸಿ ಅದೇ ಡಿಸೆಂಬರಿನಲ್ಲಿ ಹಿಂತೆಗೆದುಕೊಂಡು, ಆಮೇಲೆ ಸಮಿತಿಯ ಚೀಲಕ್ಕೆ ತುಂಬಿ ಮತ್ತೆ ಮುಂದಿಟ್ಟ ದೆಹಲಿಯವರನ್ನೇ ನಾವು ನಂಬಿಕೊಂಡಿರುವಾಗ ಒಂದು ಹರಾಜುಮನೆಯನ್ನು ನಂಬಲಾರೆವೇ ಎಂದು ಕೇಳಿದೆ.

ನನ್ನ ನಂಬಿಕೆಗೆ ಪೆಟ್ಟು ಬಿದ್ದದ್ದು ಸೆಪ್ಟೆಂಬರಿನ ಹರಾಜಿನಿಂದ. ಅದು ಹುಸೇನ್‌ಸಾಗರದ ದಂಡೆಯಲ್ಲಿ ಲಕ್ಷಾಂತರ ಜನ ಸೇರಿದ ಮೆರವಣಿಗೆಯ ದಿನ. ರೈಲುಗಳು ರದ್ದಾಗಿದ್ದವು, ಬಸ್ಸುಗಳು ನಿಂತಿದ್ದವು, ತಾವು ಹರಾಜು ನಡೆಸುವ ಹೋಟೆಲಿನ ರಸ್ತೆಗೆ ಪೊಲೀಸರು ಮುಳ್ಳುತಂತಿ ಹಾಕಿದ್ದರು. ಅಂಥ ದಿನ ತಮ್ಮ ಸಭಾಂಗಣ ತುಂಬಿ ತುಳುಕಿ, ನಮ್ಮ ಚೆಂಡು ‘ತೀವ್ರ ಪೈಪೋಟಿಯ ನಡುವೆ’ ಹೊಸ ದಾಖಲೆ ಬರೆಯಿತೆಂದು ತಾವು ಪ್ರಕಟಿಸಿದಿರಿ. ಹಾಲಿನ ಗಾಡಿಯೂ ತಲುಪದ ಕಡೆ ಪೈಪೋಟಿ ತಲುಪಿತು. ಆ ಪೈಪೋಟಿಯ ಮುಖವನ್ನು ಒಮ್ಮೆ ಕಣ್ಣಾರೆ ನೋಡಿ ಕೈಮುಗಿಯಬೇಕೆಂಬ ಆಸೆಯಾಯಿತು. ಜನವರಿಯ ಹರಾಜಿಗೆ ರೇವಪ್ಪನವರನ್ನು ಹೊರಡಿಸಿಕೊಂಡು ಬೆಳಗಿನ ರೈಲು ಹತ್ತಿದೆ. ಅವರು ತಮ್ಮ ಮಂಡಿಯ ಟವೆಲನ್ನು ಹೆಗಲಿಗೆ ಹಾಕಿಕೊಂಡೇ ಬಂದರು.

ಸಭಾಂಗಣ ಭವ್ಯವಾಗಿತ್ತು. ಮುಂದಿನ ಸಾಲುಗಳಲ್ಲಿ ಕೆಲವರಿದ್ದರು, ಹಿಂದಿನ ಸಾಲುಗಳೆಲ್ಲ ಖಾಲಿ. ಎರಡನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಾವು ಕೊಟ್ಟ ನಂಬರಿನ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು, ಮಾಣಿಕ ಕುಳಿತಿದ್ದರು.

ರೇವಪ್ಪನವರು ನನ್ನ ಮೊಣಕೈ ಹಿಂಡಿದರು. “ನೋಡ್ರಿ ನೋಡ್ರಿ. ತನ್ನ ಮಾಲಿಗೆ ತಾನೇ ಭಾವ ಏರಿಸಾಕ ಬಂದಾನ. ಇಂಥವ್ರ ಲೈಸೆನ್ಸ್ ನಮ್ಮ ಮಂಡಿಯಾಗ ಕಿತ್ತು ಒಗೀತಾರ.” ನಾನು ಸುಮ್ಮನಿರುವಂತೆ ಬೇಡಿಕೊಂಡೆ.

ಚೆಂಡು ಬಂತು. ಮಾಣಿಕ ಹಲಗೆ ಎತ್ತಿದರು. ಸುತ್ತಿಗೆ ಹಿಡಿದ ತಮ್ಮ ಮಹನೀಯರು ಹಿಂದಿನ ಗೋಡೆಯತ್ತ ನೋಡಿ, ತಲೆಯಾಡಿಸಿ, ಬೆಲೆ ಏರಿಸಿದರು. ಮಾಣಿಕ ಮತ್ತೆ ಎತ್ತಿದರು. ಮಹನೀಯರು ಮತ್ತೆ ಗೋಡೆಯತ್ತ ನೋಡಿ ಮತ್ತೆ ಏರಿಸಿದರು. ಆ ದಾನಶೂರನನ್ನು ಕಾಣಲು ನಾನು ಹಿಂತಿರುಗಿದೆ. ಖಾಲಿ ಕುರ್ಚಿಗಳಿದ್ದವು. ಅವುಗಳ ಮೇಲೆ ಗೋಡೆಯಲ್ಲಿ ಒಂದು ಗಡಿಯಾರವಿತ್ತು. ಬೇರೆ ಯಾರೂ ಇರಲಿಲ್ಲ. ಮಾಣಿಕ ಒಬ್ಬರೇ ಆ ಗಡಿಯಾರದೊಡನೆ ಸ್ಪರ್ಧಿಸುತ್ತಿದ್ದರು, ಪ್ರತಿ ಸಲವೂ ಅವರ ಕೈ ಇನ್ನಷ್ಟು ನಿಧಾನವಾಗಿ ಮೇಲೇರುತ್ತಿತ್ತು, ಕೊನೆಗೆ ಹಲಗೆ ಮಡಿಲಿಗೆ ಇಳಿದು ಅಲ್ಲೇ ಉಳಿಯಿತು.

ಮಾನ್ಯರೇ, ಮೂವತ್ತು ವರ್ಷ ಬಲೆಯ ಆಚೆಯಿಂದ ಒಬ್ಬನ ಮುಖವನ್ನು ನೋಡಿದವನಿಗೆ ಆತ ಸುಳ್ಳಾಡುವುದೂ ಗೊತ್ತಾಗುತ್ತದೆ, ನಿಜವಾಗಿ ಸೋತದ್ದೂ ಗೊತ್ತಾಗುತ್ತದೆ. ರೇವಪ್ಪನವರು ಎದ್ದರು. ಮುಂದೆ ನಡೆದದ್ದನ್ನು ತಾವು ಆಮೇಲೆ ನಮಗೆ ಕಳಿಸಿದ ನೋಟೀಸಿನಲ್ಲಿ ‘ವೇದಿಕೆಯ ಮೇಲೆ ಹಲ್ಲೆಯ ಯತ್ನ’ ಎಂದು ಬಣ್ಣಿಸಿದ್ದೀರಿ. ಅದು ಹಲ್ಲೆಯಲ್ಲ, ಮರ್ಯಾದೆ. ನಮ್ಮ ಕಡೆಯ ಹಳೆಯ ವ್ಯಾಪಾರಸ್ಥರು ಬಾಯಿಹರಾಜು ಕೆಟ್ಟಾಗ ಟವೆಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಒತ್ತಿ, ಸದ್ದಿಲ್ಲದೆ ಬೆಲೆ ಹೇಳುತ್ತಾರೆ. ಎಲ್ಲರ ಮುಂದೆ ಯಾರ ಮುಖವೂ ಸಣ್ಣದಾಗಬಾರದೆಂದು ಮಾಡಿಕೊಂಡ ಪದ್ಧತಿ ಅದು. ರೇವಪ್ಪನವರು ನೇರವಾಗಿ ವೇದಿಕೆ ಹತ್ತಿ, ಸುತ್ತಿಗೆ ಹಿಡಿದ ಕೈಯ ಮೇಲೆ ಟವೆಲ್ ಹಾಕಿ, ಒಳಗೆ ಕೈಯಿಟ್ಟು ಮಹನೀಯರ ಬೆರಳು ಹಿಡಿದರು. “ಹೆದರಬ್ಯಾಡ್ರಿ ಸಾಹೇಬ್ರ, ಬೆರಳ ಬಿಗಿ ಹಿಡೀರಿ. ಗೋಡಿಗೆ ಯಾಕ ಕೇಳ್ತೀರಿ, ನನಗ ಹೇಳ್ರಿ,” ಎಂದರು. ಮಹನೀಯರು ಕೈ ಎಳೆದುಕೊಂಡರು. ಎಳೆದರೆ ಬೆಲೆ ಒಪ್ಪಿಗೆಯಿಲ್ಲವೆಂದು ನಮ್ಮಲ್ಲಿ ಅರ್ಥ, ಹಾಗಾಗಿ ರೇವಪ್ಪನವರು ಇನ್ನೊಂದು ಬೆರಳು ಸೇರಿಸಿದರು. ಮಹನೀಯರು ಕಿರುಚಿದರು. ರೇವಪ್ಪನವರು ಮೂರನೆಯ ಬೆರಳನ್ನೂ ಸೇರಿಸಿದರು. ಇದಕ್ಕಿಂತ ಉದಾರವಾದ ಬೆಲೆ ತಮ್ಮ ವೇದಿಕೆಗೆ ಬಂದಿರಲಾರದು.

ತಮ್ಮ ಕಾವಲಿನವರಿಬ್ಬರು ಓಡಿಬಂದು ಅವರ ರಟ್ಟೆ ಹಿಡಿದಾಗ ಎರಡನೆಯ ಸಾಲಿನಿಂದ ಮಾಣಿಕ ಎದ್ದು ನಿಂತರು. “ಅಂವನ ಮೈ ಮುಟ್ಟಬ್ಯಾಡ್ರಿ. ಅಂವ ನಮ್ಮಾಂವ,” ಎಂದರು. ಹಲವು ತಿಂಗಳ ಮೇಲೆ ಒಬ್ಬರ ಬಗ್ಗೆ ಇನ್ನೊಬ್ಬರು ಬೈಗುಳವಲ್ಲದ ಮಾತಾಡಿದ್ದು ಅದೇ ಮೊದಲು. ಕಾವಲಿನವರು ಸೌಜನ್ಯದಿಂದ ಇಬ್ಬರನ್ನೂ, ಮೂರನೆಯವನಾಗಿ ನನ್ನನ್ನೂ, ಹೊರಗಿನ ಮೆಟ್ಟಿಲಿನವರೆಗೆ ಬಿಟ್ಟುಬಂದರು.

ಮೆಟ್ಟಿಲ ಮೇಲೆ ಎಲ್ಲ ತಿಳಿಯಿತು. ಮುಷ್ಕರದ ದಿನ ಜಹೀರಾಬಾದಿನ ಹೆದ್ದಾರಿಯಲ್ಲಿ ರಸ್ತೆ ತಡೆದು, ಬಲೆ ಕಟ್ಟಿ, ಮಾಣಿಕ ಮತ್ತವರ ಕಡೆಯವರು ವಾಲಿಬಾಲ್ ಆಡಿದ್ದರು. ತಡೆಯಲ್ಲಿ ಸಿಕ್ಕಿಕೊಂಡ ಕಾರಿನ ಗೃಹಸ್ಥರೊಬ್ಬರು ಇಳಿದುಬಂದು ಆಟ ನೋಡಿ, ಹೋಳಿಗೆ ಊಟ ಮಾಡಿ, ಚೆಂಡಿನ ಫೋಟೋ ತೆಗೆಯುತ್ತೇನೆಂದು ಕೇಳಿ ಪಡೆದು ಕಾರಿನಲ್ಲಿ ಕುಳಿತರು. ಅಷ್ಟರಲ್ಲಿ ಪೊಲೀಸರು ದಾರಿ ತೆರವು ಮಾಡಿದರು. ಫೋಟೋ ಎಲ್ಲಿಯದೋ, ಚೆಂಡು ಹೋಯಿತು; ಮತ್ತೆ ಕಂಡದ್ದು ತಮ್ಮ ಕ್ಯಾಟಲಾಗಿನಲ್ಲಿ.

“ಅವತ್ತೇ ಹೇಳಬೇಕಿತ್ತಿಲ್ಲೋ,” ಎಂದರು ರೇವಪ್ಪನವರು.

“ಏನಂತ ಹೇಳ್ಲಿ? ಚೆಂಡು ಕಾರಿನ್ಯಾಗ ಕುಂತು ಹೋತು ಅಂದ್ರ ನೀ ನಂಬ್ತಿದ್ದ್ಯಾ?”

“ನಂಬ್ತಿರಲಿಲ್ಲ, ಖರೇ.”

“ಅದಕ್ಕ, ತಂದು ನಿನ್ನ ಮುಂದ ಇಟ್ಟು ಆಮ್ಯಾಲ ಹೇಳಬೇಕಂತ ಮಾಡಿದ್ದೆ. ಪ್ರತಿ ಸಲ ಇವರೇ ಫೋನ್ ಮಾಡ್ತಾರ, ನಿಮ್ಮ ಚೆಂಡು ತಿರುಗಿ ಬಂದದ, ಬರ್ರಿ ಅಂತ. ಬರ್ತೀನಿ, ಮೆರವಣಿಗಿ ದಿನಾನೂ ಲಾರಿ ಹತ್ತಿ ಬಂದಿದ್ದೆ. ಹಿಂದ ಯಾವನೋ ದೊಡ್ಡ ಸಾಹುಕಾರ ಕುಂತಿರ್ತಾನ, ಹೊಡ್ಕೊಂಡು ಹೋಗ್ತಾನ.”

“ಹಿಂದ ತಿರುಗಿ ನೋಡೀಯೇನು ಅವನ ಮಾರಿ?”

“ನಾಚಿಕಿ ಬರ್ತದಪ್ಪ, ಸೋತ ಮ್ಯಾಲ ಹ್ಯಾಂಗ ನೋಡ್ಲಿ?”

“ಗಡಿಯಾರ ಅದ ಹುಚ್ಚ. ಗಡಿಯಾರಕ್ಕ ಸೋತಿ ನೀ,” ಎಂದು ರೇವಪ್ಪನವರು ನಗತೊಡಗಿದವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮಾಣಿಕ ಆಗ ಹಿಂದಿರುಗಿ ಬಾಗಿಲಿನತ್ತ ನೋಡಿದರು. ಆಮೇಲೆ ಅವರೂ ಪಕ್ಕದಲ್ಲಿ ಕುಳಿತರು.

ಹೀಗಾಗಿ, ಮಾನ್ಯರೇ, ಒಂದೇ ವಸ್ತುವನ್ನು ತಾವು ಪದೇ ಪದೇ ಏಕೆ ಹರಾಜಿಗಿಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ನನಗೆ ತಮ್ಮ ಮೆಟ್ಟಿಲ ಮೇಲೇ ಸಿಕ್ಕಿತು. ಈ ಭೂಮಿಯ ಮೇಲೆ ಆ ಚೆಂಡು ನಿಜವಾಗಿ ಬೇಕಾದವರು ಒಬ್ಬರಿದ್ದಾರೆ. ಅವರು ಕೈ ಎತ್ತಿದ್ದನ್ನು ತಾವು ಕಂಡಿರಿ. ಎಷ್ಟು ಎತ್ತಬಲ್ಲರೆಂದು ನೋಡೋಣವೆಂದು ಗಡಿಯಾರವನ್ನು ಎದುರು ನಿಲ್ಲಿಸಿದಿರಿ. ಗಡಿಯಾರ ಹಣ ಕಟ್ಟುವುದಿಲ್ಲವಾದ್ದರಿಂದ ಚೆಂಡು ತಮ್ಮಲ್ಲೇ ಉಳಿಯಿತು, ‘ಹಿಂದಿನ ಮಾರಾಟದ ದಾಖಲೆ’ ಎಂಬ ಇನ್ನೊಂದು ಸಾಲು ಅದರ ಜಾತಕಕ್ಕೆ ಸೇರಿತು. ಮನುಷ್ಯನ ಸಂಕಟವನ್ನು ಆತನ ಸಂಪತ್ತೆಂದು ಎಣಿಸುವ ಈ ಮೌಲ್ಯಮಾಪನ ವಿಧಾನವನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಒಂದು ವಿನಂತಿ ಮಾತ್ರ: ನಮ್ಮ ಭಾಗದ ಬೇರೆ ಕೆಲವು ವಸ್ತುಗಳನ್ನೂ ತಾವು ದಯವಿಟ್ಟು ಸ್ವೀಕರಿಸಬೇಕು. ಜಹೀರಾಬಾದಿನಿಂದ ತಾಂಡೂರಿಗೆ ಸರಿಯಾದೊಂದು ನೇರ ಬಸ್ಸಿನ ಭರವಸೆ ನಮ್ಮಲ್ಲಿದೆ, ಚುನಾವಣೆಗೊಮ್ಮೆ ಮಾರಾಟವಾಗಿಯೂ ಹೊಚ್ಚ ಹೊಸದರಂತಿದೆ. ನಾಗಲಗಿದ್ದದ ಕಡೆಯ ಒಂದು ರಸ್ತೆ ಇದೆ, ಕಾಗದದ ಮೇಲೆ ಮೂರು ಸಲ ಡಾಂಬರು ಕಂಡದ್ದು. ತಮ್ಮ ಕೈಗೆ ಬಂದರೆ ಇವು ನಿಜಾಮರನ್ನೂ ದಾಟಿ ಕಾಕತೀಯರ ಕಾಲಕ್ಕೆ ಹೋದಾವು.

ಚೆಂಡಿನ ವಿಷಯದಲ್ಲಿ ನಮ್ಮ ನಿರ್ಧಾರ ಇಷ್ಟು. ಮಾಣಿಕ ಇನ್ನು ತಮ್ಮ ಹರಾಜಿಗೆ ಬರುವುದಿಲ್ಲ. ಹೋಗುವುದಿಲ್ಲವೆಂದು ರೇವಪ್ಪನವರು ಪ್ರತಿಜ್ಞೆ ಮಾಡಿಸಿದ್ದಾರೆ, ಶರಣಬಸಮ್ಮನವರು ಸಾಕ್ಷಿ. ಮುಂದಿನ ತಿಂಗಳು ಗಡಿಯಾರಕ್ಕೆ ಎದುರಾಳಿ ಇರುವುದಿಲ್ಲ. ಅದು ಒಂದೇ ಕೂಗಿಗೆ ಗೆಲ್ಲಲಿ ಎಂದು ಹಾರೈಸುತ್ತೇವೆ. ಈ ಭಾನುವಾರ ನಾರಾಯಣಖೇಡದಲ್ಲಿ ಪಂದ್ಯವಿದೆ, ಅಂಗಡಿಯಿಂದ ತಂದ ಹೊಸ ಚೆಂಡಿನಿಂದ. ಆದರೆ ಹಳೆಯ ಚೆಂಡಿನ ಬಗ್ಗೆ ನಿಯಮ ಏನು ಹೇಳುತ್ತದೆಂದು ಕಿಷ್ಟಪ್ಪನವರನ್ನು ಕೇಳಿದೆವು. ಅವರು ಬಹಳ ಯೋಚಿಸಿ ಹೇಳಿದ್ದು: “ಚೆಂಡು ಯಾರ ಮನಿಯಾಗ ಇರ್ತದೋ ಅವರೇ ಸೋತವ್ರು. ಅವರೇ ತರಬೇಕು, ಅವರೇ ಆಡಬೇಕು.” ಆದ್ದರಿಂದ ತಾವು ಆರು ಜನರ ತಂಡದೊಂದಿಗೆ ದಯಮಾಡಿಸಬೇಕು. ಗಡಿಯಾರವನ್ನು ಆಟಗಾರನೆಂದು ಒಪ್ಪಲು ಕಿಷ್ಟಪ್ಪನವರು ಸಿದ್ಧರಿಲ್ಲ, ನಾನು ಶಿಫಾರಸು ಮಾಡಿ ನೋಡಿದೆ. ಊಟ ನಮ್ಮದು. ತಾವು ಗೆದ್ದರೆ ಖಾಲಿ ಕೈಯಲ್ಲಿ ಹೆಮ್ಮೆಯಿಂದ ಹೋಗಬಹುದು.

ಇಷ್ಟಾದರೂ ವಿಶ್ವಾಸ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ
ಕಲ್ಯಾಣಪ್ಪ

ಮರೆತ ಮಾತು: ತಮಗೊಂದು ಪ್ರತಿಯನ್ನು ಅಂಚೆಗೆ ಹಾಕಿ, ಪತ್ರಿಕೆಗೆ ಕಳಿಸುವಷ್ಟರಲ್ಲಿ ಭಾನುವಾರ ಕಳೆಯಿತು. ಜಹೀರಾಬಾದಿನವರು ಗೆದ್ದರು. ರೇವಪ್ಪನವರು ಹೊಸ ಚೆಂಡಿನ ಮೇಲೆ ಮೊದಲ ಸಹಿ ಮಾಡಿದರು, ಮಾಣಿಕ ಅದನ್ನು ಬಸ್‌ಸ್ಟ್ಯಾಂಡಿನವರೆಗೆ ತಾವೇ ಹೊತ್ತು ತಂದು, “ಜ್ವಾಕೆ, ದಾರ್‍ಯಾಗ ಯಾರಿಗೂ ಫೋಟೋಕ್ಕ ಕೊಡಬ್ಯಾಡ” ಎಂದು ಅವರ ಕೈಗಿಟ್ಟರು. ತಮ್ಮ ತಂಡಕ್ಕಾಗಿ ಹೊತ್ತು ಮುಳುಗುವವರೆಗೆ ಕಾದು, ಬಾರದ ತಂಡ ಸೋತಿತೆಂದು ಕಿಷ್ಟಪ್ಪನವರು ಸೀಟಿ ಊದಿದರು. ಹಳೆಯ ಚೆಂಡಿನ ಮೇಲೆ ತೇಪೆಯ ಪಕ್ಕ ಸ್ವಲ್ಪ ಜಾಗ ಉಳಿದಿದೆ. ಸಹಿ ಮಾಡಲು ಅನುಕೂಲವಾಗಲೆಂದು ತಮಗೆ ಅಂಚೆಯಲ್ಲಿ ಒಂದು ಪೆನ್ನು ಕಳಿಸಿದ್ದೇನೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು. ನಿಜಾಮರ ಕಾಲದ್ದಲ್ಲ.